‘ಮಿಸ್, ಇವತ್ತೇನು ಬರೆಸಿದ್ರಿ?’

ಮಧ್ಯಾಹ್ನ ನರ್ಸರಿ ಬಿಡುವ ಹೊತ್ತು. ಗೇಟಿನ ಹೊರಗೆ ನಾವು ತಾಯಂದಿರು ಸೆರಗು ತಲೆಯ ಮೇಲೆ ಹೊದ್ದುಕೊಂಡು ಬಿಸಿಲಲ್ಲಿ ನಿಂತಿರುತ್ತೇವೆ. ಮಗು ಓಡಿಬಂದು ಕಾಲಿಗೆ ಅಪ್ಪಿಕೊಳ್ಳುತ್ತದೆ. ನಮ್ಮ ಕೈ ಮಾತ್ರ ಅದರ ಬೆನ್ನ ಮೇಲಿನ ಬ್ಯಾಗಿನ ಜಿಪ್ ಎಳೆಯುತ್ತಿರುತ್ತದೆ! ನೋಟ್‌ಬುಕ್ ತೆಗೆದು, ಹಾಳೆ ತಿರುವಿ ಕೇಳುತ್ತೇವೆ, ‘ಮಿಸ್, ಇವತ್ತೇನು ಬರೆಸಿದ್ರಿ?’ ಪುಟದ ತುಂಬ ಎಬಿಸಿಡಿ ಇದ್ದರೆ ಮನಸ್ಸಿಗೆ ಸಮಾಧಾನ. ಖಾಲಿ ಇದ್ದರೆ ‘ಕಟ್ಟಿದ ಫೀ ದಂಡ ಆತ್ ನೋಡ್ರಿ’ ಅಂತ ಪಕ್ಕದವರ ಕಿವಿಯಲ್ಲಿ ಪಿಸುಮಾತು.

ಹೌದಲ್ವಾ ಗೆಳತಿಯರೇ? ನಾನೂ ವರ್ಷಗಟ್ಟಲೆ ಇದೇ ಪ್ರಶ್ನೆ ಕೇಳಿದವಳು. ಅದರ ಬೆಲೆ ತೆತ್ತವನು ನನ್ನ ಮಗ. ಅದಕ್ಕೇ ಇವತ್ತು ಈ ವಿಷಯ ನಿಮ್ಮ ಮುಂದೆ ಇಡ್ತಾ ಇದ್ದೀನಿ.

ನನ್ನ ತವರು ಮುದ್ದೇಬಿಹಾಳ. ಕೊಟ್ಟ ಮನೆ ಸಿಂದಗಿ. ಅಕ್ಕ ಇಂಡಿಯಲ್ಲಿ, ನಾದಿನಿ ಬಸವನ ಬಾಗೇವಾಡಿಯಲ್ಲಿ. ಹಬ್ಬ, ಮದುವೆ, ಕುಬಸ ಅಂತ ವರ್ಷಕ್ಕೆ ನಾಲ್ಕಾರು ಸಲ ಈ ನಾಲ್ಕೂ ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತೇನೆ. ನಾನು ಚಿಕ್ಕವಳಿದ್ದಾಗ ‘ಬಾಲವಾಡಿ’, ‘ಶಿಶುವಿಹಾರ’ ಎಂಬ ಬೋರ್ಡು ಕಾಣುತ್ತಿದ್ದವು. ಈಗ ಎಲ್ಲಿ ನೋಡಿದರೂ ‘ಮಾಂಟೆಸ್ಸರಿ’. ಬಣ್ಣದ ಗೋಡೆ, ಗೋಡೆಯ ಮೇಲೆ ಮಿಕ್ಕಿ ಮೌಸ್. ಆದರೆ ಒಳಗೆ ಇಣುಕಿ ನೋಡಿದರೆ ಎಷ್ಟೋ ಕಡೆ ಅದೇ ಸಾಲು ಬೆಂಚು, ಅದೇ ಕರಿಹಲಗೆ, ಮೂರು ವರ್ಷದ ಕೂಸಿನ ಕೈಯಲ್ಲಿ ಅದೇ ಪೆನ್ಸಿಲ್ಲು. ಮಾಂಟೆಸ್ಸರಿ ಎಂಬ ಹೆಸರು ಯಾರೊಬ್ಬರ ಸ್ವತ್ತಲ್ಲ. ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಬಹುದು. ಹಾಗಾಗಿ ಬೋರ್ಡು ನೋಡಿ ಮೋಸ ಹೋಗುವುದು ಸುಲಭ.

ಆದರೆ ಬರೀ ಶಾಲೆಯವರನ್ನು ಬೈದರೆ ನ್ಯಾಯವಾಗುವುದಿಲ್ಲ. ಅಂಗಡಿಯವನು ಗಿರಾಕಿ ಕೇಳಿದ್ದನ್ನೇ ತಾನೇ ತರಿಸುವುದು? ನಾವು ಗೇಟಿನಲ್ಲಿ ನಿಂತು ಬರವಣಿಗೆ ಕೇಳುವ ತನಕ ಅವರು ಬರವಣಿಗೆಯನ್ನೇ ಕೊಡುತ್ತಾರೆ.

ನಾನು ಮಾಡಿದ ತಪ್ಪು

2016ರ ಜೂನ್. ಮಗನಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಓಣಿಯ ಮಕ್ಕಳೆಲ್ಲ ಹೋಗುವ ನರ್ಸರಿಗೆ ಅವನನ್ನೂ ಹಾಕಿದೆವು. ಮೊದಲ ವಾರದಿಂದಲೇ ಹೋಂವರ್ಕ್. ನಿಂತ ಗೀಟು, ಮಲಗಿದ ಗೀಟು, ಆಮೇಲೆ ಎಬಿಸಿಡಿ, ದೀಪಾವಳಿ ಹೊತ್ತಿಗೆ 1ರಿಂದ 50. ನನಗೋ ಹೆಮ್ಮೆಯೋ ಹೆಮ್ಮೆ. ಬಿಎ ಓದಿ ಮನೆಯಲ್ಲಿ ಕೂತವಳು ನಾನು, ಮಗನನ್ನಾದರೂ ಮುಂದೆ ತರಬೇಕೆಂಬ ಹಟ ಬೇರೆ. ರಾತ್ರಿ ಅವನ ಹಿಂದೆ ಕೂತು, ಅವನ ಪುಟ್ಟ ಮುಷ್ಟಿಯ ಮೇಲೆ ನನ್ನ ಮುಷ್ಟಿ ಇಟ್ಟು ಒತ್ತಿ ಒತ್ತಿ ಬರೆಸುತ್ತಿದ್ದೆ. ‘ಮಮ್ಮಿ, ಕೈ ನೋಯಾಕತ್ತೈತಿ’ ಅಂದರೆ ‘ಇನ್ನೊಂದ್ ಸಾಲು, ಮುಗೀತು’ ಅನ್ನುತ್ತಿದ್ದೆ.

ನರ್ಸರಿಗೆ ಹೋಗುವ ಮೊದಲು ಇವನಿಗೆ ಒಂದು ಆಟವಿತ್ತು. ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ತಂಬಿಗೆಯಿಂದ ಇನ್ನೊಂದು ತಂಬಿಗೆಗೆ ನೀರು ಸುರುವುವುದು. ಅರ್ಧ ತಾಸಾದರೂ ಏಳುತ್ತಿರಲಿಲ್ಲ. ತುಟಿ ಬಿಗಿಹಿಡಿದು, ಒಂದು ಹನಿ ಹೊರಗೆ ಬೀಳದ ಹಾಗೆ ಸುರುವುತ್ತಿದ್ದ. ಕರೆದರೂ ಕೇಳಿಸುತ್ತಿರಲಿಲ್ಲ. ನಾನು ರಟ್ಟೆ ಹಿಡಿದು ಎಬ್ಬಿಸುತ್ತಿದ್ದೆ, ‘ನೀರು ಹಾಳ್ ಮಾಡ್ತಿಯೇನು? ಏಳು, ಎಬಿಸಿಡಿ ಹೇಳು!’

ಚಳಿಗಾಲದ ಹೊತ್ತಿಗೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಸುರುವಾಯಿತು. ಮನೆಯಲ್ಲಿ ಪೆನ್ಸಿಲ್ಲುಗಳು ಕಾಣೆಯಾಗತೊಡಗಿದವು. ದಿನಾ ಒಂದು ಕೊಂಡರೂ ಸಾಲದು. ‘ಎಷ್ಟ್ ಕಳೀತಿಯೋ’ ಅಂತ ಅದಕ್ಕೂ ಒಂದೆರಡು ಏಟು ಬಿದ್ದವು. ಯುಗಾದಿಗೆ ಮನೆ ಹಸನು ಮಾಡುವಾಗ ಜೋಳದ ಚೀಲ ಸರಿಸಿದೆ. ಗೋಡೆಯ ಸಂದಿಯಲ್ಲಿ ಹನ್ನೊಂದು ಪೆನ್ಸಿಲ್ಲು! ಕೂಸು ಒಂದೊಂದನ್ನೇ ಅಲ್ಲಿ ತುರುಕಿತ್ತು. ಪೆನ್ಸಿಲ್ ಇಲ್ಲದಿದ್ದರೆ ಬರೆಯುವುದು ತಪ್ಪುತ್ತದೆ ಎಂಬುದು ಅದರ ಲೆಕ್ಕ. ನಾನು ಅಲ್ಲೇ ಜೋಳದ ಚೀಲದ ಮೇಲೆ ಕೂತುಬಿಟ್ಟೆ.

ಆಮೇಲೆ ಓದಿ ತಿಳಿದ ಒಂದು ಸಂಗತಿ ಹೇಳುತ್ತೇನೆ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಎಲುಬಾಗಿರುವುದಿಲ್ಲ, ಮೃದ್ವಸ್ಥಿಯಾಗಿರುತ್ತವೆ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ಕೊನೆಯದು ಗಟ್ಟಿಯಾಗತೊಡಗುವುದು 9ರಿಂದ 12 ವರ್ಷದ ಹೊತ್ತಿಗೆ. ಮೂರು ವರ್ಷದ ಕೂಸಿಗೆ ಅರ್ಧದಷ್ಟೂ ಗಟ್ಟಿಯಾಗಿರುವುದಿಲ್ಲ. ಬೆರಳಿನ ಹಿಡಿತವೂ ಇನ್ನೂ ಕೂಡಿಬಂದಿರುವುದಿಲ್ಲ. ಆ ಕೈಯಿಂದ ನಾವು ಪುಟಗಟ್ಟಲೆ ಬರೆಸುತ್ತಿದ್ದೇವೆ!

ಬೀಗ ಹಾಕದ ಕಪಾಟು

ಹಾಗಾದರೆ ನಿಜವಾದ ಮಾಂಟೆಸ್ಸರಿ ಅಂದರೆ ಏನು? ಮೊದಲನೆಯದಾಗಿ, ಅದು ಒಬ್ಬ ಹೆಣ್ಣುಮಗಳ ಹೆಸರು. ಮರಿಯಾ ಮಾಂಟೆಸ್ಸರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿದವರು. ಅಲ್ಲಿನ ಮೊದಮೊದಲ ಮಹಿಳಾ ಡಾಕ್ಟರುಗಳಲ್ಲಿ ಒಬ್ಬರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ಸುರುವಾಯಿತು. ಅದು ಸುರುವಾದ ಕಾರಣ ಕೇಳಿದರೆ ನಗು ಬರುತ್ತದೆ. ತಂದೆ ತಾಯಿ ಕೂಲಿಗೆ ಹೋದಾಗ ಮಕ್ಕಳು ಹೊಸ ಕಟ್ಟಡದ ಗೋಡೆ, ಮೆಟ್ಟಿಲು ಹಾಳು ಮಾಡುತ್ತಿದ್ದರು. ಅವರನ್ನು ಒಂದು ಕೋಣೆಯಲ್ಲಿ ಕೂರಿಸಿ ನೋಡಿಕೊಳ್ಳುವವರು ಕಟ್ಟಡದ ಮಾಲೀಕರಿಗೆ ಬೇಕಾಗಿದ್ದರು, ಅಷ್ಟೇ. ಸುಮಾರು 50 ಮಕ್ಕಳು. ಕೂಲಿಕಾರರ ಮಕ್ಕಳು. ಇವತ್ತು ಯಾವ ಹೆಸರು ಕೇಳಿದರೆ ನಮಗೆ ಸಾವಿರಗಟ್ಟಲೆ ಫೀ ನೆನಪಾಗುತ್ತದೋ ಆ ಹೆಸರು ಹುಟ್ಟಿದ್ದು ಬಡವರ ಓಣಿಯಲ್ಲಿ.

ಅಲ್ಲಿ ನಡೆದ ಒಂದು ಘಟನೆಯನ್ನು ಅವರೇ ಬರೆದಿದ್ದಾರೆ. ಆಟಿಕೆ, ಸಾಮಾನುಗಳನ್ನು ಟೀಚರು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಒಂದು ದಿನ ಬೀಗ ಹಾಕುವುದು ಮರೆತುಹೋಯಿತು. ಮರುದಿನ ಟೀಚರು ತಡವಾಗಿ ಬಂದರು. ನೋಡಿದರೆ ಮಕ್ಕಳು ತಾವೇ ಕಪಾಟು ತೆರೆದು ತಮಗೆ ಬೇಕಾದ ಸಾಮಾನು ತಗೊಂಡು ಕೆಲಸದಲ್ಲಿ ಮುಳುಗಿದ್ದಾರೆ. ಟೀಚರಿಗೆ ಸಿಟ್ಟು ಬಂತು, ಕಳ್ಳತನ ಅಂದರು. ಮಾಂಟೆಸ್ಸರಿ ಮಾತ್ರ ಅದನ್ನು ಬೇರೆ ಥರ ಕಂಡರು. ಮಕ್ಕಳಿಗೆ ತಮಗೇನು ಬೇಕೆಂದು ಆರಿಸಿಕೊಳ್ಳುವಷ್ಟು ತಿಳಿವಳಿಕೆ ಇದೆಯಲ್ಲ! ಆವತ್ತಿನಿಂದ ಬೀಗದ ಕಪಾಟು ಹೋಯಿತು. ಮಗುವಿನ ಕೈಗೆ ಎಟುಕುವ ಗಿಡ್ಡ ಕಪಾಟು ಬಂತು. ಇವತ್ತಿಗೂ ಒಂದು ಮಾಂಟೆಸ್ಸರಿ ನಿಜವೋ ಸುಳ್ಳೋ ಎಂದು ತಿಳಿಯಲು ಆ ಗಿಡ್ಡ ಕಪಾಟು ಒಂದು ಒಳ್ಳೆ ಗುರುತು.

‘ಮಕ್ಕಳು ಹೇಳಿದ್ದೇ ಆದ್ರ ಮುಗೀತು!’

ಮಗುವೇ ಮುಂದಾಗಿ ಕಲಿಯಬೇಕು ಅಂದ ಕೂಡಲೇ ನಮ್ಮ ಯಜಮಾನರು ಹೇಳಿದ ಮಾತಿದು. ‘ಅವಕ್ಕ ಕೇಳಿದ್ರ ಚಾಕಲೇಟ್ ತಿಂದು ಮೊಬೈಲ್ ನೋಡ್ಕೋತ ಕೂಡ್ತಾವು’ ಅಂದರು. ಅವರ ಮಾತೂ ಸುಳ್ಳಲ್ಲ. ಆದರೆ ಮಾಂಟೆಸ್ಸರಿ ಹೇಳಿದ ಸ್ವಾತಂತ್ರ್ಯ ಆ ಥರದ್ದಲ್ಲ.

ಅಲ್ಲಿ ಕಪಾಟಿನಲ್ಲಿ ಏನಿಡಬೇಕೆಂದು ತೀರ್ಮಾನಿಸುವವರು ದೊಡ್ಡವರು. ಅದರಲ್ಲಿ ಯಾವುದನ್ನು ತಗೋಬೇಕು, ಎಷ್ಟು ಹೊತ್ತು ಮಾಡಬೇಕು ಎಂಬುದು ಮಗುವಿಗೆ ಬಿಟ್ಟದ್ದು. ಒಂದು ಥರದ ಸಾಮಾನು ಒಂದೇ ಇರುತ್ತದೆ. ಇನ್ನೊಬ್ಬರು ಹಿಡಿದಿದ್ದರೆ ಕಾಯಬೇಕು. ಕೆಲಸ ಮುಗಿದ ಮೇಲೆ ಇದ್ದ ಜಾಗದಲ್ಲೇ ಇಡಬೇಕು. ಬೇರೆಯವರ ಕೆಲಸ ಕೆಡಿಸುವಂತಿಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ. ಸಣ್ಣವು ದೊಡ್ಡವರನ್ನು ನೋಡಿ ಕಲಿಯುತ್ತವೆ, ದೊಡ್ಡವು ಸಣ್ಣವರಿಗೆ ತೋರಿಸಿ ಕಲಿಯುತ್ತವೆ. ನಮ್ಮ ಕೂಡುಕುಟುಂಬಗಳಲ್ಲಿ ಇದೇ ತಾನೇ ನಡೆಯುತ್ತಿದ್ದದ್ದು?

ಸಾಮಾನುಗಳೂ ಹಾಗೇ ಯೋಚಿಸಿ ಮಾಡಿದವು. ಉದ್ದನೆಯ ಒಂದು ಕಟ್ಟಿಗೆ, ಅದರಲ್ಲಿ 10 ಕುಳಿ, ಬೇರೆ ಬೇರೆ ಅಳತೆಯ 10 ದಿಂಡು. ಒಂದು ದಿಂಡು ತಪ್ಪು ಕುಳಿಗೆ ಹೋಯಿತೆನ್ನಿ, ಕೊನೆಯಲ್ಲಿ ಒಂದು ದಿಂಡು ಎಲ್ಲೂ ಕೂಡುವುದಿಲ್ಲ. ‘ತಪ್ಪು’ ಅಂತ ಟೀಚರು ಹೇಳಬೇಕಾಗಿಯೇ ಇಲ್ಲ. ಕಟ್ಟಿಗೆಯೇ ಹೇಳುತ್ತದೆ, ಮಗು ತಾನೇ ತಿದ್ದಿಕೊಳ್ಳುತ್ತದೆ. ದಿಂಡಿನ ತುದಿಯ ಸಣ್ಣ ಗುಬ್ಬಿಯನ್ನು ಮೂರು ಬೆರಳಲ್ಲಿ ಹಿಡಿದೆತ್ತಬೇಕು. ಅದೇ ಮೂರು ಬೆರಳು ಮುಂದೆ ಪೆನ್ಸಿಲ್ ಹಿಡಿಯುವುದು! ಹಾಗೆಯೇ 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನ ತನಕದ 10 ಗುಲಾಬಿ ಘನಗಳನ್ನು ಒಂದರ ಮೇಲೊಂದು ಪೇರಿಸುವುದು. ಉಸುಕಿನ ಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತ ಅದರ ಧ್ವನಿ ಹೇಳುವುದು. ಕೈ ತಯಾರಾಗುತ್ತ ಹೋಗುತ್ತದೆ, ಬರವಣಿಗೆ ಅದರ ಹಿಂದೆ ಬರುತ್ತದೆ.

ಇದರಿಂದ ನಿಜಕ್ಕೂ ಉಪಯೋಗ ಉಂಟೇ? 2006ರಲ್ಲಿ ‘ಸೈನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅಮೆರಿಕದ ಮಿಲ್ವಾಕಿ ಊರಿನ ಒಂದು ಅಧ್ಯಯನ ಬಂತು. ಅಲ್ಲಿನ ಸರ್ಕಾರಿ ಮಾಂಟೆಸ್ಸರಿಗೆ ಚೀಟಿ ಎತ್ತಿ ಮಕ್ಕಳನ್ನು ತಗೋತಾರೆ. ಚೀಟಿ ಬಂದವರನ್ನೂ ಬಾರದವರನ್ನೂ ಹೋಲಿಸಿದಾಗ, ಐದು ವರ್ಷದ ಹೊತ್ತಿಗೆ ಮಾಂಟೆಸ್ಸರಿ ಮಕ್ಕಳು ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ಕೂಡಿ ಆಡುವುದರಲ್ಲೂ ಚಲೋ ಇದ್ದರು. ಅದು ಒಂದೇ ಶಾಲೆಯ ಕಥೆ ಅನ್ನಬಹುದು. 2025ರಲ್ಲಿ ಅಲ್ಲಿನ 24 ಸರ್ಕಾರಿ ಮಾಂಟೆಸ್ಸರಿಗಳಲ್ಲಿ ಇದೇ ಥರ ಚೀಟಿ ಎತ್ತಿದ 588 ಮಕ್ಕಳ ಅಧ್ಯಯನವೂ ಬಂದಿದೆ. ಅದರಲ್ಲೂ ಓದು ಮತ್ತು ನೆನಪಿನ ಶಕ್ತಿಯಲ್ಲಿ ಅವರೇ ಮುಂದು. ಬರೆಸದೇ ಬಿಟ್ಟರೆ ಮಗು ಹಿಂದೆ ಬೀಳುತ್ತದೆ ಎಂಬ ನಮ್ಮ ಭಯಕ್ಕೆ ಇದಕ್ಕಿಂತ ಉತ್ತರ ಬೇಕೇ?

ಅಂಗಳದಿಂದ ಅಂಗನವಾಡಿಗೆ

ಇದೆಲ್ಲ ಫಾರಿನ್ ಮಾತು, ನಮಗ್ಯಾಕೆ ಅನ್ನಬೇಡಿ. ಮಾಂಟೆಸ್ಸರಿಯವರು 1939ರಲ್ಲಿ ನಮ್ಮ ದೇಶಕ್ಕೇ ಬಂದರು. ಮದ್ರಾಸಿನ ಅಡ್ಯಾರಿನಲ್ಲಿ ಅವರ ಮೊದಲ ತರಬೇತಿಗೆ ಸುಮಾರು 300 ಜನ ಸೇರಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಇಟಲಿ ಯುದ್ಧಕ್ಕೆ ಇಳಿದದ್ದರಿಂದ ಬ್ರಿಟಿಷ್ ಸರ್ಕಾರಕ್ಕೆ ಇವರು ಶತ್ರುದೇಶದವರಾದರು, ಹಿಂದಿರುಗಲು ಆಗಲಿಲ್ಲ. 1946ರ ತನಕ ಇಲ್ಲೇ ಉಳಿದರು. ಆ ವರ್ಷಗಳಲ್ಲಿ ಕೊಡೈಕನಾಲ್, ಅಹಮದಾಬಾದ್, ಕರಾಚಿ ಅಂತ ಸುತ್ತಿ ಟೀಚರುಗಳನ್ನು ತಯಾರು ಮಾಡಿದರು.

ಅವರು ಬರುವುದಕ್ಕೂ ಮೊದಲೇ, 1920ರಲ್ಲಿ, ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ಕರೀಕೋಟು ಬಿಚ್ಚಿಟ್ಟು ಬಾಲಮಂದಿರ ತೆರೆದಿದ್ದರು. ಮಕ್ಕಳ ಮೇಲಿನ ಅವರ ಪ್ರೀತಿ ನೋಡಿ ಜನ ಅವರನ್ನು ‘ಮೀಸೆ ಇರುವ ತಾಯಿ’ ಎಂದೇ ಕರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಜೊತೆ ಸೇರಿ, 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಯಲ್ಲಿ ಕೆಲಸ ಸುರು ಮಾಡಿದರು. ಬಡವರ ಮಕ್ಕಳು ಶಾಲೆಗೆ ಬರಲಿಲ್ಲ. ಹಾಗಾದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂದರು ಆ ಹೆಣ್ಣುಮಕ್ಕಳು. ದುಬಾರಿ ಸಾಮಾನಿನ ಬದಲು ಕಲ್ಲು, ಎಲೆ, ಕಾಳು, ಕಡ್ಡಿ. ಅಂಗಳದ ಆ ಶಾಲೆಯೇ ‘ಅಂಗನವಾಡಿ’!

ನಮ್ಮ ರಾಜ್ಯದಲ್ಲಿ ಸರ್ಕಾರದ ಅಂಗನವಾಡಿ ಸುರುವಾದದ್ದು 1975ರಲ್ಲಿ, ಮೈಸೂರು ಜಿಲ್ಲೆಯ ಟಿ. ನರಸೀಪುರದಿಂದ. 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಆರಂಭಿಸಿ ಅವಕ್ಕೆ ‘ಸರ್ಕಾರಿ ಮಾಂಟೆಸ್ಸರಿ’ ಎಂದು ಹೆಸರಿಟ್ಟರು. ಹೆಸರು ಕೇಳಿ ನನಗೆ ಖುಷಿಯೂ ಆಯಿತು, ಅಂಜಿಕೆಯೂ ಆಯಿತು. ಅಂಗನವಾಡಿಯಲ್ಲೂ ಆಟದ ಸಾಮಾನು ಕಟ್ಟಿಟ್ಟು ನೋಟ್‌ಬುಕ್ಕು ಹಂಚಿಬಿಟ್ಟರೆ, ಬೋರ್ಡು ಬದಲಾಯಿಸಿದ ನಮ್ಮ ನರ್ಸರಿಗಳಿಗೂ ಅದಕ್ಕೂ ಏನು ವ್ಯತ್ಯಾಸ?

ನಮ್ಮ ಮಣ್ಣೆತ್ತು

ನಮ್ಮ ಕಡೆ ಕಾರಹುಣ್ಣಿಮೆ ಆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆ ನೆನಪು ಮಾಡಿಕೊಳ್ಳಿ. ನಾವು ಚಿಕ್ಕವರಿದ್ದಾಗ ಎರಿಮಣ್ಣು ತಂದು, ನೀರು ಹಾಕಿ ನಾದಿ, ತಾವೇ ಎತ್ತು ಮಾಡುತ್ತಿದ್ದೆವು. ಮೇವಿಗೆ ಒಂದು ಗ್ವಾದಲಿ. ಕಣ್ಣಿಗೆ ಜೋಳದ ಕಾಳು. ಯಾರೂ ಕೈಹಿಡಿದು ಮಾಡಿಸುತ್ತಿರಲಿಲ್ಲ. ಕೋಡು ಬಿದ್ದರೆ ಮತ್ತೆ ಅಂಟಿಸುತ್ತಿದ್ದೆವು. ಕಾಲು ಕುಸಿದರೆ ದಪ್ಪ ಮಾಡುತ್ತಿದ್ದೆವು. ಮಣ್ಣೇ ತಪ್ಪು ತೋರಿಸುತ್ತಿತ್ತು, ಆ ದಿಂಡಿನ ಕಟ್ಟಿಗೆ ತೋರಿಸಿದ ಹಾಗೆ. ಎತ್ತು ಕೊನೆಗೆ ನಾಯಿಯ ಹಾಗೆ ಕಂಡರೂ ಅವ್ವ ಅದಕ್ಕೇ ಪೂಜೆ ಮಾಡಿ ನೈವೇದ್ಯ ಹಿಡಿಯುತ್ತಿದ್ದಳು. ಈಗ ಬಜಾರಿನಿಂದ ಬಣ್ಣ ಹಚ್ಚಿದ ಎತ್ತು ತರುತ್ತೇವೆ. ಚೆಂದ ಇರುತ್ತವೆ, ಒಪ್ಪುತ್ತೇನೆ. ಆದರೆ ನಮ್ಮ ಮಕ್ಕಳ ಕೈಯಿಂದ ನಾವೇನು ಕಸಿದುಕೊಂಡೆವು ಎಂದು ಯೋಚಿಸಿದ್ದೇವಾ?

ಇಂಡಿಯ ಕಡೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂದು ಹೆಣ್ಣುಮಕ್ಕಳ ಹಾಡು ಕೂಡಿಸಿ ಪುಸ್ತಕ ತಂದರು. ಅದರಲ್ಲಿ ಕೂಸಿನ ಆಟ, ಕೂಸಿನ ಹಟ ನೋಡಿ ಹಿಗ್ಗುವ ತಾಯಂದಿರಿದ್ದಾರೆ. ಬೀಸುಕಲ್ಲಿನ ಮುಂದೆ ಕೂತ, ಅಕ್ಷರ ಬಾರದ ಆ ಅಜ್ಜಿಯರಿಗೆ ಮಗುವನ್ನು ಸುಮ್ಮನೆ ನೋಡುತ್ತ ಕೂಡುವುದು ಗೊತ್ತಿತ್ತು. ಬಿಎ ಓದಿದ ನನಗೆ ಗೊತ್ತಿರಲಿಲ್ಲ.

ರಂಗೋಲಿಯಲ್ಲಿ ‘ಇಂಡಿ’

ಮಗಳ ಸರದಿ ಬಂದಾಗ, 2022ರಲ್ಲಿ, ನಾನು ಹಟ ಹಿಡಿದು ಪಕ್ಕದ ಓಣಿಯ ಅಂಗನವಾಡಿಗೆ ಕಳಿಸಿದೆ. ‘ಏನವ್ವಾ, ಮಗನಿಗೆ ನರ್ಸರಿ, ಮಗಳಿಗೆ ಅಂಗನವಾಡಿ?’ ಅಂತ ಓಣಿಯವರು ಚುಚ್ಚಿದರು. ಅವರ ಮಾತು ನನಗೂ ನಾಟಿತು. ಸುಳ್ಳು ಯಾಕೆ ಹೇಳಲಿ, ಅಂಗನವಾಡಿಯಲ್ಲಿ ಎಲ್ಲ ಚಲೋ ಇತ್ತು ಅಂತಲ್ಲ. ಒಬ್ಬ ಕಾರ್ಯಕರ್ತೆ ಮಕ್ಕಳ ತೂಕ ಮಾಡಬೇಕು, ಬಸುರಿ ಬಾಣಂತಿಯರ ಲೆಕ್ಕ ಬರೆಯಬೇಕು, ಸರ್ವೆಗೂ ಹೋಗಬೇಕು. ಆದರೂ ಅಲ್ಲಿ ‘ಚಿಲಿಪಿಲಿ’ಯ ಹಾಡು, ಕಥೆ, ಆಟ ಇತ್ತು. ಹೋಂವರ್ಕ್ ಇರಲಿಲ್ಲ. ಉಳಿದದ್ದನ್ನು ಮನೆಯಲ್ಲಿ ಮಾಡಿದೆ. ಅಡುಗೆಮನೆಯ ಕೆಳಗಿನ ಹಲಗೆ ಅವಳದ್ದಾಯಿತು. ಎರಡು ಸಣ್ಣ ತಂಬಿಗೆ, ಒಂದು ಮೊರ, ಒಂದು ಸಣ್ಣ ಕೊಮಣಿಗೆ, ಉಸುಕು ಹಾಕಿದ ಒಂದು ತಾಟು. ಅಷ್ಟೇ.

ನಾನು ಮಾಡಿದ ಅತಿ ಕಷ್ಟದ ಕೆಲಸವೆಂದರೆ ಏನೂ ಮಾಡದೇ ಕೂತದ್ದು. ಅವಳು ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತಗೊಂಡರೆ ನನ್ನ ಕೈ ತುರಿಸುತ್ತಿತ್ತು. ನಾಲ್ಕು ವರ್ಷ ತುಂಬಿದರೂ ಒಂದಕ್ಷರ ಬರೆಯಲಿಲ್ಲ. ಎದುರುಮನೆ ಹುಡುಗ 100ರ ತನಕ ಬರೆಯುತ್ತಿದ್ದ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಒಂದೆರಡು ಸಲ ಸ್ಲೇಟು ತೆಗೆದು ಮತ್ತೆ ಒಳಗಿಟ್ಟೆ.

2023ರ ಡಿಸೆಂಬರ್, ಅವಳಿಗೆ ನಾಲ್ಕು ವರ್ಷ ಹತ್ತು ತಿಂಗಳು. ಒಂದು ಮುಂಜಾನೆ ನಾನು ಹೊಸ್ತಿಲಿಗೆ ರಂಗೋಲಿ ಹಾಕಿ ಒಳಗೆ ಬಂದಿದ್ದೆ. ತಿರುಗಿ ಹೋದಾಗ ಕಟ್ಟೆಯ ಮೇಲೆ ರಂಗೋಲಿ ಪುಡಿಯಲ್ಲಿ ದೊಡ್ಡದಾಗಿ ‘ಇಂಡಿ’ ಅಂತ ಬರೆದು ಕೂತಿದ್ದಾಳೆ. ದೊಡ್ಡಮ್ಮನ ಊರಿಗೆ ಹೋಗುವಾಗ ಬಸ್ಸಿನ ಬೋರ್ಡು ಓದಿ ತೋರಿಸುತ್ತಿದ್ದೆನಲ್ಲ, ಅದು! ‘ಡಿ’ ಮಾತ್ರ ತಿರುವುಮುರುವು. ನಾನು ತಿದ್ದಲಿಲ್ಲ. ಮಧ್ಯಾಹ್ನದ ತನಕ ಕಟ್ಟೆಯ ತುಂಬ ಇಂಡಿ, ಇಂಡಿ, ಇಂಡಿ. ಮೂರನೇ ದಿನ ‘ಡಿ’ ತಾನೇ ಸರಿಯಾಯಿತು. ಅದಾದ ಎರಡು ತಿಂಗಳಲ್ಲಿ ಅಂಗಡಿ ಬೋರ್ಡು ಓದತೊಡಗಿದಳು.

ಇದರಿಂದ ಎಲ್ಲ ಸುಲಭವಾಯಿತು ಅಂದುಕೊಳ್ಳಬೇಡಿ. ಒಂದನೇ ತರಗತಿಗೆ ಸೇರಿಸಲು ಒಂದು ಖಾಸಗಿ ಶಾಲೆಗೆ ಹೋದಾಗ ಅವಳನ್ನು ಕೂರಿಸಿ ಇಂಗ್ಲಿಷಿನಲ್ಲಿ ಟೆಸ್ಟ್ ಕೊಟ್ಟರು. ಸ್ಪೆಲ್ಲಿಂಗ್ ಬರಲಿಲ್ಲ ಎಂದು ಸೀಟು ಇಲ್ಲ ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಮಗುವಿಗಾಗಲಿ ತಂದೆ ತಾಯಿಗಾಗಲಿ ಹೀಗೆ ಪರೀಕ್ಷೆ ಮಾಡಿ ಪ್ರವೇಶ ಕೊಡುವಂತಿಲ್ಲ, ಮೊದಲ ಸಲಕ್ಕೇ 25 ಸಾವಿರ ರೂಪಾಯಿ ತನಕ ದಂಡ ಉಂಟು ಎಂದು ಆಗ ನನಗೆ ಗೊತ್ತಿರಲಿಲ್ಲ. ನೀವಾದರೂ ತಿಳಿದಿರಿ. ಮಗಳು 2025ರ ಜೂನ್‌ನಲ್ಲಿ ಬೇರೆ ಶಾಲೆಯ ಒಂದನೇ ತರಗತಿ ಸೇರಿದಳು, ಖುಷಿಯಿಂದ ಹೋಗುತ್ತಿದ್ದಾಳೆ.

ನರ್ಸರಿ ನೋಡಲು ಹೋದಾಗ...

ಎಲ್ಲರಿಗೂ ಅಂಗನವಾಡಿಯೇ ಆಗಬೇಕೆಂದು ನಾನು ಹೇಳುವುದಿಲ್ಲ. ಫೀ ಕಟ್ಟುವ ಶಕ್ತಿ ಇದ್ದರೆ ಕಟ್ಟಿ. ಆದರೆ ಕಟ್ಟುವ ಮುಂಚೆ ಇಷ್ಟು ನೋಡಿ:

• ಸಾಮಾನುಗಳು ಮಗುವಿನ ಕೈಗೆ ಎಟುಕುವಂತಿವೆಯೋ, ಗಾಜಿನ ಶೋಕೇಸಿನಲ್ಲಿ ಬೀಗ ಹಾಕಿಕೊಂಡು ಕೂತಿವೆಯೋ?

• ಒಂದೇ ಹೊತ್ತಿಗೆ ಎಲ್ಲ ಮಕ್ಕಳೂ ಒಂದೇ ಕೆಲಸ ಮಾಡುತ್ತಿದ್ದಾರೋ, ಬೇರೆ ಬೇರೆ ಕೆಲಸದಲ್ಲಿದ್ದಾರೋ?

• ‘ಟೀಚರಿಗೆ ಯಾವ ತರಬೇತಿ ಆಗಿದೆ? ಎಷ್ಟು ತಿಂಗಳದ್ದು?’ ಎಂದು ನೇರವಾಗಿ ಕೇಳಿ. ಸಂಕೋಚ ಬೇಡ.

• ಮಗು ನೀರು ಚೆಲ್ಲಿದಾಗ ಏನು ಮಾಡುತ್ತಾರೆ ನೋಡಿ. ಬೈದರೋ, ಆಯಾ ಓಡಿಬಂದು ಒರೆಸಿದಳೋ, ಮಗುವಿನ ಕೈಗೇ ಅರಿವೆ ಕೊಟ್ಟರೋ? ಮೂರನೆಯದಾದರೆ ಚಲೋ ಶಾಲೆ.

• ‘ಎಲ್‌ಕೆಜಿಯಲ್ಲೇ 100ರ ತನಕ ಬರೆಸುತ್ತೇವೆ’ ಅಂತ ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. 2022ರಲ್ಲಿ ಬಂದ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳ ಕಲಿಕೆಗೆ ಆಟವೇ ಆಧಾರವಾಗಬೇಕು ಅನ್ನುತ್ತದೆ.

ಮನೆಯಲ್ಲಿ ನೀವೇ ಮಾಡಬಹುದಾದದ್ದು

• ಶೇಂಗಾ ಸುಲಿಯುವುದು, ಬಟಾಣಿ ಬಿಡಿಸುವುದು, ಮೆಂತ್ಯೆ ಸೊಪ್ಪು ಸೋಸುವುದು ಮಗುವಿಗೂ ಕೊಡಿ. ಹೊತ್ತಾಗುತ್ತದೆ, ಆಗಲಿ. ಕಾಳು ಮೂಗಿಗೆ ಕಿವಿಗೆ ಹಾಕಿಕೊಳ್ಳುವ ವಯಸ್ಸು, ಪಕ್ಕದಲ್ಲೇ ಇರಿ.

• ರೊಟ್ಟಿ ಬಡಿಯುವಾಗ ಒಂದು ಉಂಡೆ ಹಿಟ್ಟು ಮಗುವಿನದು. ಬೆರಳಿಗೆ ಅದಕ್ಕಿಂತ ದೊಡ್ಡ ವ್ಯಾಯಾಮವಿಲ್ಲ.

• ಜೋಳ, ತೊಗರಿ, ಹೆಸರು ಕಲಸಿ ಮೊರದಲ್ಲಿ ಹಾಕಿ ಬೇರ್ಪಡಿಸಲು ಬಿಡಿ. ವಿಂಗಡಿಸುವುದು, ಎಣಿಸುವುದು ಎರಡೂ ಅದರಲ್ಲೇ ಬರುತ್ತದೆ.

• ತಾಟಿನಲ್ಲಿ ಉಸುಕು ಹರಡಿ ಬೆರಳಿನಿಂದ ಅಕ್ಷರ ಆಡಲಿ. ನಮ್ಮ ಕನ್ನಡಕ್ಕೆ ಇದು ಹೇಳಿ ಮಾಡಿಸಿದ್ದು. ಅಕ್ಷರದ ಹೆಸರೇ ಅದರ ಧ್ವನಿ, ಬೇರೆ ಸ್ಪೆಲ್ಲಿಂಗ್ ಕಾಟವಿಲ್ಲ.

• ಮಗು ಯಾವುದಾದರೂ ಕೆಲಸದಲ್ಲಿ ಮೈಮರೆತಿದ್ದಾಗ ಕರೆಯಬೇಡಿ, ಹೊಗಳಬೇಡಿ, ಫೋಟೊ ತೆಗೆಯಬೇಡಿ. ಸುಮ್ಮನೆ ದಾಟಿಹೋಗಿ.

ಈ ಕೊನೆಯ ಮಾತು ಬರೆಯುವಾಗ ನನ್ನ ಕಣ್ಣ ಮುಂದೆ ಬರುವುದು ಬಚ್ಚಲ ಬಾಗಿಲಲ್ಲಿ ಕೂತ ಆ ಮೂರು ವರ್ಷದ ಹುಡುಗ, ಅವನ ಎರಡು ತಂಬಿಗೆ. ಅವನು ಆವತ್ತು ನೀರು ಹಾಳು ಮಾಡುತ್ತಿರಲಿಲ್ಲ, ಕಲಿಯುತ್ತಿದ್ದ. ನಾನು ಎಬ್ಬಿಸಿಬಿಟ್ಟೆ.

ಈಗವನಿಗೆ ಹನ್ನೆರಡು. ಏಳನೇ ತರಗತಿ. ಮಾರ್ಕ್ಸ್ ಏನೋ ಬರುತ್ತವೆ. ಆದರೆ ಇವತ್ತಿಗೂ ಬರೆಯುವಾಗ ನಾನು ಹತ್ತಿರ ಹೋದರೆ ಎಡಗೈ ಅಡ್ಡ ಇಟ್ಟು ನೋಟ್‌ಬುಕ್ ಮುಚ್ಚಿಕೊಳ್ಳುತ್ತಾನೆ. ‘ನೀ ಆ ಕಡೆ ಹೋಗು’ ಅನ್ನುತ್ತಾನೆ. ಹೋಗುತ್ತೇನೆ. ಬೇರೇನು ಮಾಡಲಿ? ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಗೆ ತಂಗಿಯ ಜೊತೆ ಅವನೂ ಮಣ್ಣು ಹಿಡಿದು ಕೂತ. ಸಂಜೆಯ ತನಕ ಎದ್ದಿಲ್ಲ. ಊಟಕ್ಕೆ ಕರೆಯಬೇಕೆಂದು ಬಾಗಿಲ ತನಕ ಹೋದವಳು ಸದ್ದು ಮಾಡದೆ ಹಿಂದೆ ಬಂದೆ. ರೊಟ್ಟಿ ಆರಿದರೆ ಆರಲಿ.

ಗೆಳತಿಯರೇ, ನಾಳೆ ಮಧ್ಯಾಹ್ನ ಗೇಟಿಗೆ ಹೋದಾಗ ಬ್ಯಾಗಿನ ಜಿಪ್ ಎಳೆಯುವ ಮುಂಚೆ ಒಂದು ನಿಮಿಷ ನಿಲ್ಲಿ. ಟೀಚರನ್ನು ಕೇಳಲೇಬೇಕೆನಿಸಿದರೆ ಹೀಗೆ ಕೇಳಿ ನೋಡಿ, ‘ಮಿಸ್, ಇವತ್ತು ನಮ್ಮ ಕೂಸು ಯಾವುದರಾಗ ಮೈಮರೆತು ಕೂತಿತ್ತು?’ ಮೊದಲ ದಿನ ಅವರು ಕಣ್ಣು ಕಣ್ಣು ಬಿಡಬಹುದು. ನಾಲ್ಕು ತಾಯಂದಿರು ನಾಲ್ಕು ದಿನ ಕೇಳಿದರೆ, ಐದನೇ ದಿನ ಅವರೂ ಮಗುವಿನ ಕಡೆ ನೋಡತೊಡಗುತ್ತಾರೆ.

ಏನಂತೀರಿ?